ಅಣ್ಣ ಬರೆದ 46, ತಕ್ಕಡಿ ತೋರಿಸಿದ 64

ನಮ್ಮ ಊರು ಮುದ್ದೇನಹಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿದ ಊರು ಎಂದು ಹೇಳಿಕೊಳ್ಳಲು ನಮಗೆಲ್ಲ ಹೆಮ್ಮೆ. ಆದರೆ ನನ್ನ ಅಣ್ಣನಿಗೆ ಆ ಹೆಸರೇ ಬೈಗುಳವಾಗಿತ್ತು. ಶಾಲೆಯಲ್ಲಿ ಓದಲು ತಡವರಿಸಿದಾಗಲೆಲ್ಲ, “ಅಂಥವರ ಊರಲ್ಲಿ ಹುಟ್ಟಿ ಎರಡು ಸಾಲು ಓದೋಕೆ ಬರಲ್ವಾ?” ಎಂಬ ಮಾತು. ಮನೆಯಲ್ಲಿ ಅವನನ್ನು ದಡ್ಡ ಎಂದು ನಕ್ಕವಳು ನಾನೇ. ಎಸ್ಸೆಸ್ಸೆಲ್ಸಿಗೆ ಮೊದಲೇ ಅವನು ಓದು ಬಿಟ್ಟ.

ಅಣ್ಣ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಸೇರಿದ. ಗೂಡು ಕೈಯಲ್ಲಿ ಹಿಡಿದರೆ ಸಾಕು, ನೂಲು ಹೇಗೆ ಬರುತ್ತದೆಂದು ಹೇಳುತ್ತಾನೆ. ಆದರೆ ತಕ್ಕಡಿ 64 ಕೆ.ಜಿ. ತೋರಿಸಿದರೆ ಲೆಕ್ಕದ ಪುಸ್ತಕದಲ್ಲಿ 46 ಎಂದು ಬರೆಯುತ್ತಿದ್ದ. ಕಳ್ಳ ಎನಿಸಿಕೊಂಡು ಆ ಕೆಲಸ ಕಳೆದುಕೊಂಡ.

ಹೋದ ವರ್ಷ ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ಇದು ಕಲಿಕಾ ನ್ಯೂನತೆ ಎಂದು ತಿಳಿಯಿತು. ಓದುವುದು ಕಷ್ಟವಾದರೆ ಡಿಸ್ಲೆಕ್ಸಿಯಾ, ಬರೆಯುವುದಾದರೆ ಡಿಸ್ಗ್ರಾಫಿಯಾ, ಲೆಕ್ಕವಾದರೆ ಡಿಸ್ಕ್ಯಾಲ್ಕುಲಿಯಾ. ಇದಕ್ಕೂ ಬುದ್ಧಿ ಕಡಿಮೆ ಇರುವುದಕ್ಕೂ ಸಂಬಂಧವಿಲ್ಲ. ಸೋಮಾರಿತನವೂ ಅಲ್ಲ. ಮಿದುಳು ಅಕ್ಷರ, ಅಂಕಿಗಳನ್ನು ಗ್ರಹಿಸುವ ರೀತಿಯೇ ಬೇರೆ. ದೊಡ್ಡವರಾದ ಮೇಲೂ ಅದು ಹೋಗುವುದಿಲ್ಲ.

ಹೊಸ ಕೆಲಸಕ್ಕೆ ಸೇರಿದಾಗ ಅಮ್ಮಿ ಹೋಗಿ ಮಾಲೀಕರಿಗೆ ಎಲ್ಲ ಹೇಳಿದರು. ಈಗ ಅಣ್ಣ ತಕ್ಕಡಿಯ ಅಂಕಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾನೆ, ಬರೆಯುವವರು ಬೇರೆ. ಮರುದಿನದ ಕೆಲಸವನ್ನು ಮಾಲೀಕರು ಬರೆದು ಕಳಿಸುವುದಿಲ್ಲ, ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸುತ್ತಾರೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಿಲ್ಲ. ಲೆಕ್ಕವೂ ತಪ್ಪಿಲ್ಲ.

ಇದನ್ನು ಆ ಮಾಲೀಕರ ದೊಡ್ಡ ಮನಸ್ಸು ಎಂದಷ್ಟೇ ಹೇಳಿ ಬಿಟ್ಟರೆ ಸಾಲದು. ವಿಕಲಚೇತನರ ಹಕ್ಕುಗಳ ಕಾಯ್ದೆ-2016 ಗುರುತಿಸಿದ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಸರ್ಕಾರಿ ಸಂಸ್ಥೆಗಳು ಇಂಥ ನೌಕರರಿಗೆ ತಕ್ಕ ಅನುಕೂಲ ಮಾಡಿಕೊಡಲೇಬೇಕು. ನ್ಯೂನತೆ ಶೇ. 40 ಅಥವಾ ಹೆಚ್ಚೆಂದು ದೃಢಪಟ್ಟವರಿಗೆ ಸರ್ಕಾರಿ ಹುದ್ದೆಗಳಲ್ಲಿ ಇರುವ ಶೇ. 4 ಮೀಸಲಾತಿಯಲ್ಲಿ ಇವರೂ ಸೇರುತ್ತಾರೆ. ಖಾಸಗಿ ಅಂಗಡಿ, ಗ್ಯಾರೇಜು, ಕಾರ್ಖಾನೆಗಳಲ್ಲಿ ಮಾತ್ರ ಈ ಕಾನೂನಿನ ಹೆಸರನ್ನೇ ಹೆಚ್ಚಿನವರು ಕೇಳಿಲ್ಲ. ನಮ್ಮ ಕಡೆಯ ಹುಡುಗರು ಹೆಚ್ಚಾಗಿ ಕೆಲಸಕ್ಕೆ ಸೇರುವುದು ಅಲ್ಲೇ.

ನಾಳೆ ನಮ್ಮಲ್ಲೂ ಕೆಲವರು ಮಾಲೀಕರಾಗುತ್ತೇವೆ, ಮೇಲ್ವಿಚಾರಕರಾಗುತ್ತೇವೆ. ಒಬ್ಬರು ಪದೇ ಪದೇ ಒಂದೇ ತಪ್ಪು ಮಾಡಿದರೆ ಬೈಯುವ ಮೊದಲು, “ಹೇಗೆ ಹೇಳಿದರೆ ನಿಮಗೆ ಸುಲಭ?” ಎಂದು ಕೇಳೋಣ. ಆ ಅಭ್ಯಾಸ ನಮ್ಮ ತರಗತಿಯಲ್ಲೇ ಶುರುವಾಗಲಿ. ಯಾರಾದರೂ ಗಟ್ಟಿಯಾಗಿ ಓದುವಾಗ ತಡವರಿಸಿದರೆ ದಯವಿಟ್ಟು ನಗಬೇಡಿ. ನಾನು ನಕ್ಕಿದ್ದೆ. ಅಣ್ಣ ಅದನ್ನು ಇನ್ನೂ ಮರೆತಿಲ್ಲ.