ಮುದ್ರಣದ ಬಿಳಿಗೆರೆ: ನಷ್ಟ ಯಾರ ಲೆಕ್ಕಕ್ಕೆ?

ಅಗರಬತ್ತಿಯ ಪೆಟ್ಟಿಗೆಗಳು ಮುದ್ರಣವಾಗಿ ಬಂದಾಗ ಕೆಂಪು ಹಿನ್ನೆಲೆಗೂ ಚಿನ್ನದ ಬಣ್ಣದ ಹೆಸರಿಗೂ ನಡುವೆ ಕೂದಲೆಳೆಯಷ್ಟು ಬಿಳಿಗೆರೆ ಕಂಡರೆ, ಉದ್ಯಮಿಯು ಮುದ್ರಕನನ್ನು ದೂರುತ್ತಾನೆ. ಮುದ್ರಕನು ವಿನ್ಯಾಸಕಾರನತ್ತ ಬೆರಳು ತೋರುತ್ತಾನೆ. ಸರಕು ಮಾತ್ರ ಗೋದಾಮಿನಲ್ಲಿ ಉಳಿಯುತ್ತದೆ. ಇಂತಹ ವ್ಯಾಜ್ಯಗಳು ಬಗೆಹರಿಯದಿರಲು ಬಹುಮಟ್ಟಿಗೆ ಖರೀದಿ ಆದೇಶದ ಅಸ್ಪಷ್ಟತೆಯೇ ಕಾರಣ.

ಸಾಮಾನ್ಯ ಬಹುವರ್ಣ ಮುದ್ರಣವು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ 4 ಶಾಯಿಗಳ ಸಂಯೋಜನೆ. ಚಿನ್ನ, ಬೆಳ್ಳಿಯ ಲೋಹದ ಹೊಳಪು ಇವುಗಳಿಂದ ಬಾರದು. ಅದಕ್ಕೆ ಪ್ರತ್ಯೇಕವಾಗಿ ಸಿದ್ಧಪಡಿಸಿದ ಸ್ಪಾಟ್ ಬಣ್ಣವೇ ಬೇಕು. 1963ರಲ್ಲಿ ಬಂದ ಪ್ಯಾಂಟೋನ್ ಪದ್ಧತಿಯು ಇಂತಹ ಬಣ್ಣಗಳಿಗೆ ಸಂಖ್ಯೆ ನೀಡಿ ವ್ಯವಹಾರವನ್ನು ಸುಗಮಗೊಳಿಸಿತು. ಆದರೆ ಪ್ರತಿಯೊಂದು ಸ್ಪಾಟ್ ಬಣ್ಣಕ್ಕೂ ಬೇರೆ ಪ್ಲೇಟು ಬೇಕು. 4 ಬಣ್ಣದ ಯಂತ್ರದಲ್ಲಾದರೆ 5ನೆಯ ಬಣ್ಣಕ್ಕಾಗಿ ಹಾಳೆಯನ್ನು ಮತ್ತೊಮ್ಮೆ ಓಡಿಸಬೇಕು. ಪ್ಲೇಟು ಮತ್ತು ಯಂತ್ರ ತೊಳೆಯುವ ಸ್ಥಿರ ವೆಚ್ಚವೇ 4,000 ರೂ. ಎಂದಾದರೆ, 2,000 ಪೆಟ್ಟಿಗೆಗಳಿಗೆ ತಲಾ 2 ರೂ. ಬೀಳುತ್ತದೆ, 40,000ಕ್ಕೆ ತಲಾ 10 ಪೈಸೆ ಮಾತ್ರ. ಸಣ್ಣ ಆದೇಶ ನೀಡುವವರು ಈ ಲೆಕ್ಕವನ್ನು ಮೊದಲೇ ಹಾಕಬೇಕು.

ತೇವಾಂಶದಿಂದ ಕಾಗದ ಹಿಗ್ಗುವುದು, ಯಂತ್ರದಲ್ಲಿ ಹಾಳೆ ಅಲ್ಪಸ್ವಲ್ಪ ಜರುಗುವುದು ಸಹಜ. ಆಗ ಬಿಳಿಗೆರೆ ಕಾಣದಂತೆ ಪಕ್ಕಪಕ್ಕದ ಬಣ್ಣಗಳ ಅಂಚುಗಳನ್ನು ಒಂದರ ಮೇಲೊಂದು ತುಸು ಚಾಚುವುದೇ ಟ್ರ್ಯಾಪಿಂಗ್. ಆಫ್‌ಸೆಟ್ ಮುದ್ರಣದಲ್ಲಿ ಇದರ ಅಳತೆ ಸಾಮಾನ್ಯವಾಗಿ ಸುಮಾರು 0.1 ಮಿ.ಮೀ. ತಿಳಿ ಬಣ್ಣವು ಗಾಢ ಬಣ್ಣದೊಳಕ್ಕೆ ಚಾಚುವುದು ವಾಡಿಕೆ. ಲೋಹದ ಶಾಯಿಯು ಕೆಳಗಿನ ಬಣ್ಣವನ್ನು ಮರೆಮಾಡುವುದರಿಂದ, ಅಲ್ಲಿ ಪಕ್ಕದ ಬಣ್ಣವನ್ನೇ ಅದರಡಿಗೆ ಚಾಚಲಾಗುತ್ತದೆ. ಇದೆಲ್ಲ ಪ್ಲೇಟು ಮಾಡುವ ಮೊದಲೇ ಆಗಬೇಕಾದ ಕೆಲಸ. ತಡವಾದರೆ ಪ್ಲೇಟಿನ ಖರ್ಚು ಎರಡು ಪಟ್ಟಾಗುತ್ತದೆ.

ಟ್ರ್ಯಾಪಿಂಗ್‌ನ ಹೊಣೆ ಮುದ್ರಣಾಲಯದ್ದೇ ಆಗಿರುವುದು ನ್ಯಾಯ. ತನ್ನ ಯಂತ್ರ ಎಷ್ಟು ಜರುಗುತ್ತದೆಂಬುದು ಅದಕ್ಕಲ್ಲದೆ ಇನ್ನಾರಿಗೂ ತಿಳಿಯದು. ಆದರೆ ಆ ಶ್ರಮಕ್ಕೆ ದರ ಕೊಡದೆ, ಅತಿ ಕಡಿಮೆ ದರಪಟ್ಟಿಯನ್ನೇ ಆರಿಸುವ ಗ್ರಾಹಕನಿಗೆ ಅದನ್ನು ಕೇಳುವ ನೈತಿಕ ಹಕ್ಕು ಕಡಿಮೆ. ಆದೇಶಪತ್ರದಲ್ಲಿ ಬಣ್ಣದ ಸಂಖ್ಯೆ, ಕಾಗದದ ಬಗೆ, ಟ್ರ್ಯಾಪಿಂಗ್‌ನ ಹೊಣೆ, ಉಭಯರೂ ಸಹಿ ಮಾಡಿದ ಮಾದರಿ ಈ ನಾಲ್ಕೂ ಇರಲಿ. ಒಂದೇ ಶಾಯಿ ಲೇಪಿತ ಕಾಗದದಲ್ಲಿ ಒಂದು ಬಗೆ, ಲೇಪನವಿಲ್ಲದ ಕಾಗದದಲ್ಲಿ ಇನ್ನೊಂದು ಬಗೆ ಕಾಣುವುದರಿಂದ ಸಂಖ್ಯೆಯೊಂದೇ ಸಾಲದು.

ತಿರಸ್ಕೃತ ಪೆಟ್ಟಿಗೆ ರದ್ದಿಯ ಬೆಲೆಗೆ ಹೋಗುತ್ತದೆ. ನಾಲ್ಕು ಸಾಲಿನ ಷರತ್ತು ಬರೆಯಲು ತಗಲುವ ವೆಚ್ಚ ಅದಕ್ಕಿಂತ ಬಹಳ ಅಗ್ಗ.