ಬಂದೂಕಿಗೆ ವಿಮಾನದಲ್ಲಿ ದಾರಿ ಇದೆ, ಬ್ಯಾಗಲ್ಲಿ ಮರೆತ ಗುಂಡಿಗೆ ಇಲ್ಲ!

ಚಿತ್ರದುರ್ಗ: ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಆದರೆ ವಿಮಾನ ಹತ್ತೋರು ಈಗ ಬೀದಿ ಬೀದಿಯಲ್ಲೂ ಇದ್ದಾರೆ. ಬಟ್ಟೆ ಖರೀದಿಗೆ ಸೂರತ್‌ಗೆ ಹೋಗುವ ಅಂಗಡಿಯವರು, ಮಗನ ಮನೆಗೆ ಪುಣೆ, ದೆಹಲಿಗೆ ಹೋಗುವ ಅಪ್ಪ-ಅಮ್ಮ, ಗಲ್ಫ್ ಕೆಲಸಕ್ಕೆ ಹೊರಟ ಹುಡುಗರು. ಚಿತ್ರದುರ್ಗ, ಹಿರಿಯೂರಿನವರು ಹೆದ್ದಾರಿ ಹಿಡಿದು ದೇವನಹಳ್ಳಿಗೆ ಹೋಗ್ತಾರೆ. ಹೊಳಲ್ಕೆರೆ ಕಡೆಯವರಿಗೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗ ನಿಲ್ದಾಣವೂ ಇದೆ.

ಇದೇ ಜಿಲ್ಲೆಯಲ್ಲಿ ಲೈಸೆನ್ಸ್ ಬಂದೂಕು ಇರುವ ಮನೆಗಳೂ ಇವೆ. ಮೆಕ್ಕೆಜೋಳ, ಶೇಂಗಾ ಹೊಲಕ್ಕೆ ಹಂದಿ ಕಾಟ, ಜೋಗಿಮಟ್ಟಿ ಸುತ್ತಮುತ್ತ ಚಿರತೆ, ಕರಡಿ ಭಯ. ಬೆಳೆ ರಕ್ಷಣೆಗೆ ಅಂತ ತಾತನ ಕಾಲದಲ್ಲಿ ಪಡೆದ ಲೈಸೆನ್ಸ್ ಮಗನ ಹೆಸರಿಗೆ ಬಂದಿರುತ್ತೆ. ಸೇನೆಯಿಂದ ನಿವೃತ್ತರಾಗಿ ಬ್ಯಾಂಕು, ಹಣದ ವ್ಯಾನುಗಳಲ್ಲಿ ಗನ್‌ಮ್ಯಾನ್ ಆಗಿರುವವರ ಬಳಿಯೂ ಬಂದೂಕು ಇರುತ್ತೆ.

ಬಂದೂಕು ಹಿಡ್ಕೊಂಡು ವಿಮಾನ ಹತ್ತೋರು ನಮ್ಮಲ್ಲಿ ತೀರಾ ಕಡಿಮೆ. ಆದರೆ ಹೊಲಕ್ಕೆ ಹೋಗುವ ಬ್ಯಾಗು ವಿಮಾನ ಹತ್ತುತ್ತೆ. ಸಮಸ್ಯೆ ಇರೋದು ಅಲ್ಲಿ.

ಬ್ಯಾಗಿನ ಮೂಲೆಯ ಒಂದು ಕಾಟ್ರಿಜ್

ಹೊಸದುರ್ಗ ಕಡೆ ಒಂದು ತೆಂಗಿನ ತೋಟದ ಮನೆ ಅಂದ್ಕೊಳ್ಳಿ. ಅಪ್ಪ ರಾತ್ರಿ ಕಾವಲಿಗೆ ಹೋಗುವಾಗ ಟಾರ್ಚ್, ಟವೆಲ್ ಜೊತೆ ನಾಲ್ಕು ಕಾಟ್ರಿಜ್ ಬ್ಯಾಗಿಗೆ ಹಾಕ್ಕೊಳ್ತಾರೆ. ಬೆಳಿಗ್ಗೆ ಮೂರು ತೆಗೆದಿಡ್ತಾರೆ, ಒಂದು ಜಿಪ್ ಒಳಗೇ ಉಳಿಯುತ್ತೆ. ಆರು ತಿಂಗಳ ಮೇಲೆ ಮಗ ಅದೇ ಬ್ಯಾಗಿಗೆ ಬಟ್ಟೆ ತುಂಬ್ಕೊಂಡು ಬೆಂಗಳೂರಿನಿಂದ ದೆಹಲಿ ವಿಮಾನಕ್ಕೆ ಹೊರಡ್ತಾನೆ.

12 ಬೋರ್ ಕಾಟ್ರಿಜ್‌ನ ತಳ ಹಿತ್ತಾಳೆ, ಒಳಗೆ ಸೀಸದ ಚರೆ. ಎಕ್ಸ್‌ರೇ ಪರದೆ ಮೇಲೆ ಬಟ್ಟೆ, ತಿಂಡಿ ಕಿತ್ತಳೆ ಬಣ್ಣದಲ್ಲಿ ಕಂಡರೆ, ದಟ್ಟ ಲೋಹ ಕಪ್ಪಾಗಿ ಎದ್ದು ಕಾಣುತ್ತೆ. ತಪ್ಪಿಸ್ಕೊಳ್ಳೋ ಮಾತೇ ಇಲ್ಲ. ಕೈಚೀಲ ಅಷ್ಟೇ ಅಲ್ಲ, ಕೌಂಟರ್‌ನಲ್ಲಿ ಕೊಟ್ಟ ದೊಡ್ಡ ಬ್ಯಾಗನ್ನೂ ಎಕ್ಸ್‌ರೇ ಮಾಡ್ತಾರೆ.

1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ದೆಹಲಿಗೆ ಹೊರಟ ವಿಮಾನವನ್ನು ಕಂದಹಾರ್‌ಗೆ ಅಪಹರಿಸಿದ ಮೇಲೆ, 2000ದಿಂದ ವಿಮಾನ ನಿಲ್ದಾಣಗಳ ಭದ್ರತೆ ಹಂತ ಹಂತವಾಗಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ, ಅಂದರೆ ಸಿಐಎಸ್‌ಎಫ್‌ಗೆ ಬಂತು. ಬೆಂಗಳೂರಲ್ಲೂ ಅವರೇ. ಗುಂಡು ಸಿಕ್ಕರೆ "ಹೋಗ್ಲಿ ಬಿಡಿ ಸಾರ್" ಅನ್ನೋ ಮಾತು ನಡೆಯಲ್ಲ. ಪ್ರಯಾಣಿಕನನ್ನು ಪಕ್ಕಕ್ಕೆ ಕರೆದು ಸ್ಥಳೀಯ ಪೊಲೀಸರಿಗೆ ಒಪ್ಪಿಸ್ತಾರೆ. ಅಷ್ಟರಲ್ಲಿ ವಿಮಾನ ಹೋಗಿರುತ್ತೆ, ಟಿಕೆಟ್ ದುಡ್ಡೂ ಹೋಗಿರುತ್ತೆ.

"ಲೈಸೆನ್ಸ್ ಇದೆಯಲ್ಲ?" ಅಂದರೆ

ಇದೆ. ಆದರೆ ಅದು ಅಪ್ಪನ ಹೆಸರಲ್ಲಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ ಬಂದೂಕಿಗೆ ಮಾತ್ರ ಅನ್ವಯಿಸಲ್ಲ, ಗುಂಡಿಗೂ ಅನ್ವಯಿಸುತ್ತೆ. ಗುಂಡು ಯಾರ ಬಳಿ ಸಿಗುತ್ತೋ ಅವರ ಹೆಸರಲ್ಲಿ ಲೈಸೆನ್ಸ್ ಇರಬೇಕು. ಅಪ್ಪನ ಲೈಸೆನ್ಸ್ ಮಗನ ಬ್ಯಾಗಿಗೆ ರಕ್ಷಣೆ ಕೊಡಲ್ಲ. 25ನೇ ಸೆಕ್ಷನ್‌ನಲ್ಲಿ ಇದಕ್ಕೆ ಜೈಲು ಶಿಕ್ಷೆ ಇದೆ.

ಹಾಗಂತ ಮರೆತವರೆಲ್ಲ ಜೈಲಿಗೆ ಹೋಗ್ತಾರೆ ಅಂತಲ್ಲ. ವಸ್ತು ತನ್ನ ಬಳಿ ಇದೆ ಅನ್ನೋ ಅರಿವು ಇದ್ದಾಗ ಮಾತ್ರ ಕಾಯ್ದೆ ಪ್ರಕಾರ ಅದು 'ಸ್ವಾಧೀನ' ಅಂತ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. 1994ರಲ್ಲಿ ಸಂಜಯ್ ದತ್ ಪ್ರಕರಣದಲ್ಲೂ ಅದನ್ನೇ ಒತ್ತಿ ಹೇಳಿತು. ಇದರ ಮೇಲೆ ದೆಹಲಿ ಹೈಕೋರ್ಟ್, ವಿಮಾನ ನಿಲ್ದಾಣದಲ್ಲಿ ಒಂಟಿ ಗುಂಡು ಸಿಕ್ಕ ಹಲವು ಕೇಸುಗಳನ್ನು ರದ್ದು ಮಾಡಿದೆ. 3ನೇ ಸೆಕ್ಷನ್ ಅಡಿ ಕೋರ್ಟಲ್ಲಿ ಮೊಕದ್ದಮೆ ನಡೆಸೋಕೆ ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂಚಿನ ಅನುಮತಿಯೂ ಬೇಕು.

ಆದರೆ ಕೇಸ್ ರದ್ದಾಗೋದು ಎಫ್‌ಐಆರ್ ಆದ ಮೇಲೆ ಅನ್ನೋದನ್ನ ಮರೀಬಾರದು. ವಕೀಲರ ಫೀಸು, ಹೈಕೋರ್ಟ್ ಅರ್ಜಿ, ದುರ್ಗದಿಂದ ಬೆಂಗಳೂರಿಗೆ 200 ಕಿ.ಮೀ. ಆಸುಪಾಸು ಓಡಾಟ. ಗಲ್ಫ್ ಕೆಲಸಕ್ಕೆ ಹೊರಟ ಹುಡುಗನಿಗೆ ಪಾಸ್‌ಪೋರ್ಟ್ ಪೊಲೀಸ್ ಪರಿಶೀಲನೆಯಲ್ಲೂ ಈ ಕೇಸ್ ಅಡ್ಡ ಬರುತ್ತೆ. ನಿರಪರಾಧಿ ಅಂತ ಸಾಬೀತು ಮಾಡ್ಕೊಳ್ಳೋ ಖರ್ಚು ಯಾರೂ ವಾಪಸ್ ಕೊಡಲ್ಲ.

ಚುನಾವಣೆ ಬಂದಾಗ ಹೆಚ್ಚು ಎಚ್ಚರ

2024ರ ಜೂನ್ 2ರಂದು ಚೆನ್ನೈ ವಿಮಾನ ನಿಲ್ದಾಣದಲ್ಲಿ ತಮಿಳು ನಟ, ಮಾಜಿ ಶಾಸಕ ಕರುಣಾಸ್ ಅವರ ಬ್ಯಾಗಲ್ಲಿ 40 ಗುಂಡು ಸಿಕ್ಕವು. ಅವರು ಲೈಸೆನ್ಸ್ ತೋರಿಸಿದರು. ಲೋಕಸಭಾ ಚುನಾವಣೆ ಅಂತ ಬಂದೂಕನ್ನು ಠಾಣೆಗೆ ಒಪ್ಪಿಸಿದ್ದೆ, ಗುಂಡು ಬ್ಯಾಗಲ್ಲಿದ್ದದ್ದು ಮರೆತಿದ್ದೆ ಅಂದರು. ವಿಚಾರಣೆ ಮಾಡಿ ಕಳಿಸಿದರು, ಆದರೆ ಆ ದಿನದ ಪ್ರಯಾಣ ತಪ್ಪಿತು.

ಇದು ಚಿತ್ರದುರ್ಗದ ಲೈಸೆನ್ಸ್‌ದಾರರಿಗೂ ಪಾಠ. ನಮ್ಮ ಕ್ಷೇತ್ರದಲ್ಲಿ 2024ರ ಏಪ್ರಿಲ್ 26ಕ್ಕೆ ಮತದಾನ ಮುಗಿದರೂ ನೀತಿ ಸಂಹಿತೆ ಜೂನ್‌ವರೆಗೆ ಇತ್ತು. ಬಂದೂಕು ಠಾಣೆಯಲ್ಲಿ ಇರುವಷ್ಟು ದಿನ ಮನೆಯವರ ಮನಸ್ಸಿಂದ ಗುಂಡೂ ಮರೆಯಾಗುತ್ತೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ಯಾವಾಗ ಬಂದರೂ ಠೇವಣಿ ಮಾತು ಮತ್ತೆ ಬರುತ್ತೆ. ಆಗ ಬಂದೂಕಿನ ಜೊತೆ ಗುಂಡನ್ನೂ ಎಣಿಸಿ ಒಪ್ಪಿಸಿ, ರಸೀದಿಯಲ್ಲಿ ಎರಡನ್ನೂ ಬರೆಸಿಕೊಳ್ಳೋದು ಒಳ್ಳೇದು.

ಬಂದೂಕನ್ನೇ ಒಯ್ಯಬೇಕಿದ್ದರೆ?

ಹೊರ ರಾಜ್ಯಕ್ಕೆ ಕೆಲಸ ಬದಲಾದ ಗನ್‌ಮ್ಯಾನ್‌ಗೆ, ಶೂಟಿಂಗ್ ಸ್ಪರ್ಧೆಗೆ ಹೋಗುವವರಿಗೆ ಇದು ಬೇಕಾಗಬಹುದು. ದಾರಿ ನೇರವಾಗೇ ಇದೆ. ಪ್ರಯಾಣಿಕ ಕೂರುವ ಕಡೆಗೆ ಬಂದೂಕು ಒಯ್ಯುವಂತಿಲ್ಲ. ವಿಮಾನದ ಕೆಳಗಿನ ಲಗೇಜ್ ಭಾಗದಲ್ಲಿ ಮಾತ್ರ ಕಳಿಸಬಹುದು.

* ಮೊದಲೇ ವಿಮಾನ ಕಂಪನಿಗೆ ತಿಳಿಸಿ ಒಪ್ಪಿಗೆ ಪಡೀಬೇಕು. ಶುಲ್ಕ, ನಿಯಮ ಕಂಪನಿಯಿಂದ ಕಂಪನಿಗೆ ಬೇರೆ. ಬೇಡ ಅನ್ನೋ ಹಕ್ಕೂ ಅವರಿಗಿದೆ.
* ನಿಲ್ದಾಣಕ್ಕೆ ಬೇಗ ಹೋಗಿ, ಕೌಂಟರ್‌ನಲ್ಲಿ ಕೇಳೋ ಮುಂಚೆಯೇ "ಬಂದೂಕು ಇದೆ" ಅಂತ ಹೇಳಬೇಕು.
* ಅಸಲಿ ಲೈಸೆನ್ಸ್ ಕೈಯಲ್ಲಿರಬೇಕು. ಜೆರಾಕ್ಸ್ ನಂಬ್ಕೊಂಡು ಹೋಗಬೇಡಿ.
* ಬಂದೂಕಿನಲ್ಲಿ ಗುಂಡು ಇರಬಾರದು. ಗುಂಡು ಬೇರೆ, ಬಂದೂಕು ಬೇರೆ ಪ್ಯಾಕ್ ಆಗಬೇಕು, ಪೆಟ್ಟಿಗೆಗೆ ಬೀಗ ಇರಬೇಕು.
* ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಒಬ್ಬರಿಗೆ ಗುಂಡಿನ ತೂಕ ಪ್ಯಾಕಿಂಗ್ ಸೇರಿ 5 ಕೆ.ಜಿ. ಮೀರಬಾರದು. ಕಂಪನಿಗಳು ಇನ್ನೂ ಕಡಿಮೆ ಮಿತಿ ಇಡಬಹುದು.

ಇದಕ್ಕಿಂತ ಮುಂಚೆ ಲೈಸೆನ್ಸ್ ಪುಸ್ತಕ ತೆಗೆದು ಒಂದು ಸಾಲು ಓದಬೇಕು: ಈ ಲೈಸೆನ್ಸ್ ಎಲ್ಲಿವರೆಗೆ ಊರ್ಜಿತ? ಕೆಲವರದ್ದು ಜಿಲ್ಲೆಗೆ, ಕೆಲವರದ್ದು ರಾಜ್ಯಕ್ಕೆ, ಕೆಲವರದ್ದು ಇಡೀ ದೇಶಕ್ಕೆ. ಬೆಳೆ ರಕ್ಷಣೆಯ ಲೈಸೆನ್ಸ್ ಇರೋದು ಹೊಲ ಕಾಯೋಕೆ, ಊರೂರು ಸುತ್ತೋಕಲ್ಲ. ಬೆಂಗಳೂರಿನ ಕೌಂಟರ್ ದಾಟಿದರೂ ದೆಹಲಿಯಲ್ಲಿ ಇಳಿದಾಗ ಆ ಬಂದೂಕಿಗೆ ಕಾಗದ ಇಲ್ಲದಂತಾಗುತ್ತೆ. ಲೈಸೆನ್ಸ್ ಷರತ್ತು ಮುರಿದರೆ ಜಿಲ್ಲಾಧಿಕಾರಿ ಅದನ್ನು ಅಮಾನತು ಅಥವಾ ರದ್ದು ಮಾಡಬಹುದು.

ಗುಂಡಷ್ಟೇ ಅಲ್ಲ, ಕೊಬ್ಬರಿಯೂ

ಜಾತ್ರೆಯಲ್ಲಿ ಕೊಂಡ ಆಟದ ಪಿಸ್ತೂಲು, ಗನ್ ಆಕಾರದ ಲೈಟರ್, ಖಾಲಿ ಗುಂಡಿನ ಕೀಚೈನ್ ಇವೆಲ್ಲ ಕೈಚೀಲದಲ್ಲಿ ತೊಂದರೆ ಕೊಡೋ ವಸ್ತುಗಳೇ. ನಮ್ಮ ಕಡೆಯವರಿಗೆ ಇನ್ನೂ ಆಶ್ಚರ್ಯ ಆಗೋದು ಕೊಬ್ಬರಿ. ಹೊಸದುರ್ಗ, ಹಿರಿಯೂರಿನಿಂದ ಮಕ್ಕಳ ಮನೆಗೆ ಹೊರಟವರು ಪ್ರೀತಿಯಿಂದ ಉಂಡೆ ಕೊಬ್ಬರಿ ಕಟ್ಕೊಂಡು ಹೋಗ್ತಾರೆ. ಎಣ್ಣೆ ಅಂಶ ಇರೋದ್ರಿಂದ ಅದು ತಾನಾಗೇ ಬಿಸಿಯಾಗಿ ಬೆಂಕಿ ಹತ್ತಬಹುದಾದ ವಸ್ತು ಅಂತ ವಿಮಾನದ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಅಯ್ಯಪ್ಪ ಮಾಲಾಧಾರಿಗಳ ಇರುಮುಡಿಯ ತೆಂಗಿನಕಾಯಿಯನ್ನು ಕೈಚೀಲದಲ್ಲಿ ಒಯ್ಯೋಕೆ 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 2025ರ ಜನವರಿ 20ರವರೆಗೆ ಅಂತ ಪ್ರತ್ಯೇಕ ಅನುಮತಿಯನ್ನೇ ಕೊಡಬೇಕಾಯ್ತು.

ಒಂದು ವ್ಯತ್ಯಾಸ ಇದೆ. ಕೊಬ್ಬರಿ ಸಿಕ್ಕರೆ ತೆಗೆದಿಟ್ಟು ನಿಮ್ಮನ್ನ ಬಿಡ್ತಾರೆ. ಗುಂಡು ಸಿಕ್ಕರೆ ನಿಮ್ಮನ್ನೇ ಇಟ್ಕೊಳ್ತಾರೆ.

ಒಂದು ಹಾಳೆ ಸಾಕು

2019ರ ತಿದ್ದುಪಡಿ ಆದ ಮೇಲೆ ಬಂದೂಕು ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಅಂದರೆ ಲೈಸೆನ್ಸ್‌ದಾರರು ನವೀಕರಣಕ್ಕೆ ಡಿಸಿ ಕಚೇರಿಗೆ ಬರೋದೇ ಐದು ವರ್ಷಕ್ಕೊಮ್ಮೆ. ಆ ದಿನ ಅವರ ಕೈಗೆ ಕನ್ನಡದಲ್ಲಿ ಒಂದು ಹಾಳೆ ಕೊಟ್ಟರೆ ದೊಡ್ಡ ಖರ್ಚೇನಿಲ್ಲ: ಗುಂಡಿಗೆ ಬೇರೆ ಪೆಟ್ಟಿಗೆ ಇಡಿ, ಲೆಕ್ಕ ಬರೆದಿಡಿ, ಊರ್ಜಿತದ ವ್ಯಾಪ್ತಿ ನೋಡಿಕೊಳ್ಳಿ, ಹೊಲದ ಬ್ಯಾಗನ್ನು ಪ್ರಯಾಣಕ್ಕೆ ಬಳಸಬೇಡಿ. ಚುನಾವಣೆಯಲ್ಲಿ ಠೇವಣಿ ಇಟ್ಟ ಬಂದೂಕು ವಾಪಸ್ ಕೊಡುವಾಗ ಠಾಣೆಯವರೂ ಇದನ್ನೇ ಬಾಯಲ್ಲಿ ಹೇಳಬಹುದು.

ಆ ಹಾಳೆ ಬರೋವರೆಗೆ ಕೆಲಸ ಮನೆಯಲ್ಲೇ ಆಗಬೇಕು. ವಿಮಾನಕ್ಕೆ ಹೊರಡೋ ಹಿಂದಿನ ರಾತ್ರಿ ಬ್ಯಾಗನ್ನು ಬೋರಲು ಹಾಕಿ ಒದರಿ, ಪ್ರತಿ ಜಿಪ್ಪಿಗೂ ಕೈ ಹಾಕಿ ನೋಡಿ. ಬಂದೂಕು ಇರುವ ಮನೆಯಿಂದ ಎರವಲು ತಂದ ಬ್ಯಾಗಾದರೆ ಎರಡು ಸಲ ನೋಡಿ. ಐದು ನಿಮಿಷದ ಕೆಲಸ ಅಷ್ಟೇ.