ಕರೆಂಟಿನ ಡಬಲ್ ಬೇಸ್: ಕಾಸಿಗೆ ತಕ್ಕ ನಾದ ಯಾವುದು?



'ನಾಗರಹಾವು' (1972) ಚಿತ್ರದಿಂದ ಚಾಮಯ್ಯ ಮೇಷ್ಟ್ರನ್ನ ತೆಗೆದುಬಿಡಿ. ಏನುಳಿಯುತ್ತೆ? ರಾಮಾಚಾರಿ ಇರ್ತಾನೆ, ಚಿತ್ರದುರ್ಗದ ಕೋಟೆ ಇರುತ್ತೆ, ಹಾಡುಗಳೂ ಇರುತ್ತವೆ. ಆದರೆ ಬುಡವೇ ಇರೋಲ್ಲ! ಅಶ್ವಥ್ ಅವರು ಅಲ್ಲಿ ಫೈಟ್ ಮಾಡಲಿಲ್ಲ, ಡ್ಯೂಯೆಟ್ ಹಾಡಲಿಲ್ಲ. ಆದರೂ ಚಿತ್ರ ನಿಂತಿರೋದು ಅವರ ಹೆಗಲ ಮೇಲೆ. ಹಾಡಿನಲ್ಲಿ ಬೇಸ್ ಅನ್ನೋ ವಾದ್ಯದ್ದೂ ಇದೇ ಪಾತ್ರ. ಇದ್ದಾಗ ಯಾರೂ ಗಮನಿಸೋಲ್ಲ. ಇಲ್ಲದಿದ್ದರೆ ಹಾಡು ಗಾಳಿಪಟದ ಹಾಗೆ ತೇಲಿಹೋಗುತ್ತೆ.

ನಂಬಿಕೆ ಇಲ್ಲವೇ? ಶಂಕರ್ ನಾಗ್ ಅವರ 'ಗೀತಾ' (1981) ಹಾಡುಗಳನ್ನ ಇನ್ನೊಮ್ಮೆ ಕೇಳಿ. 'ಪಲ್ಲವಿ ಅನುಪಲ್ಲವಿ' (1983) ಕೇಳಿ. ಹಾಡುವ ದನಿ ಬಿಟ್ಟು, ಪಿಟೀಲುಗಳ ಗುಂಪು ಬಿಟ್ಟು, ಕೆಳಗೆ ಹೋಗಿ. ಅಲ್ಲಿ ಇಳಯರಾಜ ಇನ್ನೊಂದು ಹಾಡನ್ನೇ ಬಚ್ಚಿಟ್ಟಿದ್ದಾರೆ! ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸುತ್ತಾ, ಸಹಾಯಕರಾಗಿ ದುಡಿದು ಬೆಳೆದ ಮನುಷ್ಯ ಅವರು. ತಂತಿಯ ಗುಟ್ಟು ಅವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ?

ಇದನ್ನೆಲ್ಲ ಕೇಳಿ ಕೇಳಿ ಕಿವಿ ಕೆಟ್ಟ ಆರ್ಕೆಸ್ಟ್ರಾ ಹುಡುಗರಿಗೆ ಒಂದು ಆಸೆ ಹುಟ್ಟುತ್ತೆ. ಬೇಸ್ ಗಿಟಾರ್ ಸಾಕಾಯ್ತು, ನಿಂತು ನುಡಿಸುವ ಆ ದೊಡ್ಡ ಡಬಲ್ ಬೇಸ್ ಬೇಕು ಅಂತ. ಆದರೆ ಅದು ಆರಡಿ ಎತ್ತರದ ಆನೆಮರಿ! ಮನೆಯ ಬಾಗಿಲಲ್ಲಿ ನುಗ್ಗಿಸೋದು ಕಷ್ಟ, ಬಸ್ಸಿಗೆ ಹತ್ತಿಸೋದಂತೂ ದೂರದ ಮಾತು. ಆದ್ದರಿಂದ ಕಣ್ಣು ಹೋಗೋದು ಅದರ ತೆಳ್ಳನೆಯ ತಮ್ಮನ ಮೇಲೆ. ಅವನೇ ಎಲೆಕ್ಟ್ರಿಕ್ ಅಪ್‌ರೈಟ್ ಬೇಸ್. ಹೊಟ್ಟೆ ಇಲ್ಲ, ಬರೀ ಬೆನ್ನುಮೂಳೆ. ದನಿ ಬರೋದು ಕರೆಂಟಿನಿಂದ.

ಕೂಡಿಟ್ಟ ಹಣ ಸುರಿಯುವ ಮುಂಚೆ ಏನೇನು ನೋಡಬೇಕು? ಕಡಿಮೆ ಬೆಲೆಯವುಗಳಲ್ಲಿ ಯಾವುದು ವಾಸಿ? ಈ ವಾರ ಅದೇ ಪಂಚಾಯಿತಿ.

ಮೊದಲು ಫ್ಲಾಶ್‌ಬ್ಯಾಕ್

1930ರ ದಶಕದ ಅಮೆರಿಕ. ಡ್ಯಾನ್ಸ್ ಹಾಲುಗಳಲ್ಲಿ ತುತ್ತೂರಿ, ಡ್ರಮ್ಮುಗಳ ಅಬ್ಬರ. ಹಿಂದೆ ನಿಂತ ಡಬಲ್ ಬೇಸ್ ವಾದಕ ಬೆರಳು ಕಿತ್ತುಹೋಗೋ ಹಾಗೆ ಎಳೆದರೂ ಯಾರಿಗೂ ಕೇಳಿಸೋಲ್ಲ. ಆಗಲೇ ರಿಕನ್‌ಬ್ಯಾಕರ್, ವೇಗಾದಂಥ ಕಂಪನಿಗಳು ಕರೆಂಟಿನ ಬೇಸ್ ಮಾಡಿ ನೋಡಿದವು. ಹೆಚ್ಚು ಓಡಲಿಲ್ಲ.

1946ರಲ್ಲಿ ಎವರೆಟ್ ಹಲ್ ಅನ್ನೋ ಬೇಸ್ ವಾದಕ ಒಂದು ಉಪಾಯ ಮಾಡಿದ. ಡಬಲ್ ಬೇಸನ್ನ ನೆಲಕ್ಕೆ ಊರುವ ಗೂಟ ಇರುತ್ತಲ್ಲ, ಅದರ ಜೊತೆಗೆ ವಾದ್ಯದ ಹೊಟ್ಟೆಯೊಳಕ್ಕೆ ಒಂದು ಮೈಕ್ ಸೇರಿಸಿಬಿಟ್ಟ! ದನಿ ಹಿಗ್ಗಿಸುವ ಗೂಟ, ಅಂದರೆ 'ಆಂಪ್ಲಿಫೈಡ್ ಪೆಗ್'. ಅದೇ ಚಿಕ್ಕದಾಗಿ 'ಆಂಪೆಗ್' ಆಯ್ತು. ಇಂದಿಗೂ ಸ್ಟೇಜುಗಳ ಮೇಲೆ ಕಾಣುವ ಆಂಪೆಗ್ ಬೇಸ್ ಆಂಪ್ಲಿಫೈಯರುಗಳ ಹೆಸರಿನ ಕಥೆ ಇದು.

1951ರಲ್ಲಿ ಲಿಯೋ ಫೆಂಡರ್ ಬೇರೆ ದಾರಿ ಹಿಡಿದ. ವಾದ್ಯವನ್ನೇ ಗಿಟಾರಿನ ಹಾಗೆ ಕೊರಳಿಗೆ ನೇತುಹಾಕಿ, ಕುತ್ತಿಗೆಯ ಮೇಲೆ ಲೋಹದ ಮೆಟ್ಟಿಲು ಕೂರಿಸಿದ. ಮೆಟ್ಟಿಲಿದ್ದರೆ ಸ್ವರ ಕರಾರುವಾಕ್ಕು. ಅದಕ್ಕೇ ಹೆಸರು 'ಪ್ರಿಸಿಷನ್ ಬೇಸ್'. ಬಾಕ್ಸಾಫೀಸ್ ಹಿಟ್! ಬೊಂಬಾಯಿಯ ಸ್ಟುಡಿಯೋಗಳಲ್ಲೂ ಗೋವಾ ಕಲಾವಿದರ ಡಬಲ್ ಬೇಸ್ ನಿಧಾನವಾಗಿ ಮೂಲೆಗೆ ಸರಿದು ಬೇಸ್ ಗಿಟಾರಿಗೆ ಜಾಗ ಬಿಟ್ಟಿತು.

ಆದರೆ ನಿಂತು ನುಡಿಸುವ ವಾದ್ಯ ಸಾಯಲಿಲ್ಲ. 1962ರಲ್ಲಿ ಅದೇ ಆಂಪೆಗ್ ಕಂಪನಿ 'ಬೇಬಿ ಬೇಸ್' ಅನ್ನೋದನ್ನ ತಂದಿತು. ಸೆಲ್ಲೋ ಗಾತ್ರದ ಪ್ಲಾಸ್ಟಿಕ್ ಮೈ. ಜಾಸ್ ಮಂದಿ ಮೂಗು ಮುರಿದರೂ ನ್ಯೂಯಾರ್ಕಿನ ಸಾಲ್ಸಾ ವಾದಕರು ಎತ್ತಿ ಮುದ್ದಾಡಿದರು. ಆ ಸಂಗೀತಕ್ಕೆ ಬೇಕಿದ್ದ 'ದುಂ' ಅನ್ನುವ ಮೊಟಕು ಏಟು ಅದರಲ್ಲಿತ್ತು. ನೀತಿ ಏನು? ಅಸಲಿ ಡಬಲ್ ಬೇಸಿನ ಹಾಗೆ ಕೇಳಿಸಲಿಲ್ಲ ಅಂತ ವಾದ್ಯ ಕೆಟ್ಟದಾಗೋಲ್ಲ. ನಿಮ್ಮ ಹಾಡಿಗೆ ಒಗ್ಗುತ್ತೋ ಇಲ್ಲವೋ ಅನ್ನೋದೇ ಪ್ರಶ್ನೆ.

ನಾಲ್ಕು ಪರೀಕ್ಷೆ

ಬ್ರಾಂಡಿನ ಹೆಸರು ಆಮೇಲೆ. ಅಂಗಡಿಯವನು ಏನೇ ಹೊಗಳಲಿ, ಈ ನಾಲ್ಕನ್ನ ನೋಡದೆ ಜೇಬಿಗೆ ಕೈ ಹಾಕಬೇಡಿ.

*ಒಂದು, ತಂತಿಯ ಉದ್ದ.* ಸಾಮಾನ್ಯ ಡಬಲ್ ಬೇಸಿನಲ್ಲಿ ಮೇಲಿನ ಕಟ್ಟಿನಿಂದ ಕೆಳಗಿನ ಕುದುರೆಯವರೆಗೆ ಸುಮಾರು 42 ಅಂಗುಲ. ಬೇಸ್ ಗಿಟಾರಿನಲ್ಲಿ 34. ಎಂಟಂಗುಲ ಏನು ಮಹಾ ಅಂತೀರಾ? ಖಾಲಿ ತಂತಿಯಿಂದ ಮೊದಲ ಅರ್ಧ ಸ್ವರಕ್ಕೆ ಬೆರಳು ಇಡಬೇಕಾದ ಜಾಗ ಬೇಸ್ ಗಿಟಾರಿನಲ್ಲಿ 1.9 ಅಂಗುಲ ದೂರ, ಡಬಲ್ ಬೇಸಿನಲ್ಲಿ 2.4 ಅಂಗುಲ ದೂರ! ಕೈಯ ಲೆಕ್ಕಾಚಾರವೇ ಬೇರೆ. ಮುಂದೆ ಅಸಲಿ ಡಬಲ್ ಬೇಸ್ ನುಡಿಸೋ ಆಸೆ ಇದ್ದರೆ 41-42 ಅಂಗುಲದ್ದನ್ನೇ ತಗೊಳ್ಳಿ. ನಿಲ್ಲಿಸಿದ ಬೇಸ್ ಗಿಟಾರಿನಂಥ 34 ಅಂಗುಲದ ಕೋಲುಗಳೂ ಮಾರಾಟಕ್ಕೆ ಬರ್ತವೆ. ಅವು ತಪ್ಪಲ್ಲ, ಆದರೆ ಅದರಲ್ಲಿ ಪಳಗಿದ ಬೆರಳು ದೊಡ್ಡಣ್ಣನ ಮುಂದೆ ತಡಬಡಾಯಿಸುತ್ತೆ.

*ಎರಡು, ದನಿ ಹಿಡಿಯುವ ಪಿಕಪ್.* ಇದರಲ್ಲಿ ಎರಡು ಜಾತಿ. ಅಯಸ್ಕಾಂತದ್ದಕ್ಕೆ ಉಕ್ಕಿನ ತಂತಿಯೇ ಬೇಕು. ಕುದುರೆಯ ಬಳಿ ಕೂತು ಅದುರು ಹಿಡಿಯುವ ಪೀಜೋ ಪಿಕಪ್ಪಿಗೆ ಯಾವ ತಂತಿಯಾದರೂ ಆದೀತು. ಅಗ್ಗದ ಬೇಸುಗಳಲ್ಲಿ ಹೆಚ್ಚಾಗಿ ಪೀಜೋ. ಅದನ್ನ ಸಿಕ್ಕ ಸಿಕ್ಕ ಆಂಪ್ಲಿಫೈಯರಿಗೆ ನೇರವಾಗಿ ಚುಚ್ಚಿದರೆ ದನಿ ತೆಳ್ಳಗೆ, ತಗಡು ಬಡಿದ ಹಾಗೆ ಬರುತ್ತೆ. ಪೀಜೋಗೆ 1 ಮೆಗಾ ಓಮ್ ಅಥವಾ ಅದಕ್ಕೂ ಹೆಚ್ಚಿನ ತಡೆ ಇರುವ ಪ್ರಿಆಂಪ್ ನಡುವೆ ಬೇಕು. ವಾದ್ಯದೊಳಗೇ ಬ್ಯಾಟರಿಯ ಪ್ರಿಆಂಪ್ ಇದೆಯೇ, ಬೇರೆ ಕೊಳ್ಳಬೇಕೇ? ಮೊದಲೇ ಕೇಳಿ.

*ಮೂರು, ಕಮಾನಿನ ಪರೀಕ್ಷೆ.* ಬೆರಳಲ್ಲಿ ಮೀಟಿದಾಗ ಎಲ್ಲವೂ ಅಂಗಡಿಯಲ್ಲಿ ಚೆನ್ನಾಗೇ ಕೇಳುತ್ತೆ. ಕಮಾನು ಎಳೆದಾಗ ಬಣ್ಣ ಬಯಲು! ಕುದುರೆಯ ಬೆನ್ನು ಸಾಕಷ್ಟು ಬಾಗಿರದಿದ್ದರೆ ಒಂದು ತಂತಿ ಎಳೆಯೋಕೆ ಹೋಗಿ ಎರಡು ಕಿರುಚುತ್ತವೆ. ನಾಲ್ಕೂ ತಂತಿ ಒಂದೊಂದಾಗಿ ಎಳೆದು ನೋಡಿ. ದನಿ ಕರ್ಕಶವೋ, ಮೆತ್ತಗೋ? ನೀವು ಕಮಾನು ಮುಟ್ಟೋದೇ ಇಲ್ಲ ಅಂದರೆ ಈ ಪರೀಕ್ಷೆಗೆ ವಿನಾಯಿತಿ.

*ನಾಲ್ಕು, ನಿಲ್ಲೋ ರೀತಿ.* ಕೆಲವು ಕ್ಯಾಮೆರಾದ ಹಾಗೆ ಮುಕ್ಕಾಲಿ ಮೇಲೆ ತಾವೇ ನಿಲ್ಲುತ್ತವೆ. ಕೆಲವಕ್ಕೆ ನೆಲಕ್ಕೆ ಊರೋ ಗೂಟ, ಮೈಗೆ ಒರಗಿಸಿಕೊಳ್ಳೋಕೆ ಪಕ್ಕದಲ್ಲಿ ಒಂದು ತೋಳು. ಮುಕ್ಕಾಲಿಯದು ಆರಾಮ. ಆದರೆ ಡಬಲ್ ಬೇಸ್ ವಾದಕ ಕತ್ತಲಲ್ಲೂ ಸ್ವರ ಹುಡುಕೋದು ವಾದ್ಯ ಮೈಗೆ ತಾಕುವ ಗುರುತಿನಿಂದ. ಒರಗುವ ತೋಳಿದ್ದರೆ ಆ ಗುರುತು ಕಲಿಯೋಕೆ ಸುಲಭ.

ಇನ್ನು ಪಾತ್ರವರ್ಗ

*ಪ್ಯಾಲಟಿನೋ ವಿಇ-500.* ಬಡವರ ಬಂಧು ಅಂತ ಹೆಸರಾದದ್ದು. ಪೀಜೋ ಪಿಕಪ್, ಗೂಟದ ಮೇಲೆ ನಿಲ್ಲುತ್ತೆ. ಪೆಟ್ಟಿಗೆಯಿಂದ ತೆಗೆದ ತಕ್ಷಣ ಸ್ಟೇಜಿಗೆ ಒಯ್ಯೋ ಸರಕಲ್ಲ ಇದು. ಕುದುರೆ ಕೆತ್ತಿ ತಂತಿಯ ಎತ್ತರ ಸರಿ ಮಾಡಬೇಕು, ತಂತಿ ಬದಲಿಸಬೇಕು, ಅನೇಕರು ಪಿಕಪ್ಪನ್ನೇ ಬದಲಿಸಿಕೊಂಡಿದ್ದಾರೆ. ಸ್ಕ್ರೂಡ್ರೈವರ್ ಹಿಡಿಯೋಕೆ ಬರುವ ಹುಡುಗನಿಗೆ ಒಳ್ಳೆ ಆಟದ ಮೈದಾನ. ಬಾರದವನಿಗೆ ತಲೆನೋವು.

*ಸ್ಟ್ಯಾಗ್ ಇಡಿಬಿ.* ಬೆಲ್ಜಿಯಂ ಕಂಪನಿಯದು. ಮುಕ್ಕಾಲು ಅಳತೆಯದು. ಹೆದರಬೇಡಿ, ಜಗತ್ತಿನ ಬಹುಪಾಲು ಡಬಲ್ ಬೇಸುಗಳೂ ಅದೇ ಅಳತೆ. ಪಕ್ಕಕ್ಕೆ ಮೈಯ ಆಕಾರದ ತೋಳುಂಟು. ಇಯರ್‌ಫೋನ್ ಹಾಕೋಕೆ ಜಾಗ ಇದೆ. ಅದು ಸಣ್ಣ ಮಾತಲ್ಲ! ವಠಾರದ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೂ ಅಭ್ಯಾಸ ಮಾಡಬಹುದು, ಪಕ್ಕದ ಮನೆಯಾತ ಬಾಗಿಲು ಬಡಿಯೋಲ್ಲ. ಇದಕ್ಕೂ ಕುದುರೆ, ತಂತಿ ಸರಿ ಮಾಡಿಸೋ ಖರ್ಚು ಬಿದ್ದೇ ಬೀಳುತ್ತೆ.

*ಎನ್‌ಎಸ್ ಡಿಸೈನ್ ವೇವ್.* ಹಿಂದಿನ ಎರಡಕ್ಕಿಂತ ಬೆಲೆ ಒಂದು ಮೆಟ್ಟಿಲು ಮೇಲೆ. ಇದರ ಹಿಂದಿರೋದು ನೆಡ್ ಸ್ಟೈನ್‌ಬರ್ಗರ್. 1980ರ ದಶಕದಲ್ಲಿ ತಲೆಯಿಲ್ಲದ ಬೇಸ್ ಗಿಟಾರ್ ಮಾಡಿ ಲೋಕದ ಹುಬ್ಬೇರಿಸಿದ ವಿನ್ಯಾಸಗಾರ! ಸುಮಾರು 42 ಅಂಗುಲದ ತಂತಿ, ಮುಕ್ಕಾಲಿ ಜೊತೆಯಲ್ಲೇ ಬರುತ್ತೆ, ಕಮಾನಿಗೂ ಒಗ್ಗುತ್ತೆ. ಗೂಟದ ಮೇಲೆ ನುಡಿಸಬೇಕು ಅಂದರೆ ಆ ಸ್ಟ್ಯಾಂಡನ್ನ ಬೇರೆಯಾಗಿ ಕೊಳ್ಳಬೇಕು. ಇದೇ ಕಂಪನಿಯ ದುಬಾರಿ ಮಾದರಿಗಳಲ್ಲಿ ಬೆರಳಿಗೊಂದು, ಕಮಾನಿಗೊಂದು ದನಿ ಆರಿಸೋ ಸ್ವಿಚ್ಚು ಉಂಟು.

*ಯಮಹಾ ಸೈಲೆಂಟ್ ಬೇಸ್.* ಇದು ಅಗ್ಗದ ಸಾಲಿನದಲ್ಲ. ಆದರೂ ಇಲ್ಲಿ ಯಾಕೆ ತಂದೆ ಅಂದರೆ ಅಳತೆಗೋಲಿಗೆ. ಒಳಗೆ ಸ್ವಲ್ಪ ಟೊಳ್ಳಿರುವ ಮೈ, ಕಳಚಿಡೋ ತೋಳುಗಳು, ಡಬಲ್ ಬೇಸಿಗೆ ತೀರಾ ಹತ್ತಿರದ ದನಿ. ಎಲ್ಲಾದರೂ ಸಿಕ್ಕರೆ ಐದು ನಿಮಿಷ ನುಡಿಸಿ ನೋಡಿ. ಆ ದನಿ ಕಿವಿಯಲ್ಲಿಟ್ಟುಕೊಂಡು ಆಮೇಲೆ ಅಗ್ಗದ್ದನ್ನ ಪರೀಕ್ಷೆ ಮಾಡಿ.

ಚೀಟಿಯ ಬೆಲೆ ಬೇರೆ, ಅಸಲು ಬೆಲೆ ಬೇರೆ

ಇಲ್ಲೇ ಅನೇಕರು ಜಾರಿ ಬೀಳೋದು. ಕೈಯಲ್ಲಿರೋ ದುಡ್ಡನ್ನೆಲ್ಲ ವಾದ್ಯಕ್ಕೇ ಸುರಿದುಬಿಟ್ಟು ಆಮೇಲೆ ಬರಿಗೈ. ಒಳ್ಳೆ ಡಬಲ್ ಬೇಸ್ ತಂತಿಯ ಒಂದು ಸೆಟ್ ಗಿಟಾರ್ ತಂತಿಯ ಹಾಗೆ ಚಿಲ್ಲರೆ ಕಾಸಿಗೆ ಸಿಗೋಲ್ಲ. ವಿಯೆನ್ನಾದ 'ಸ್ಪೈರೋಕೋರ್' ತಂತಿಯ ಬೆಲೆ ಕೇಳಿದರೇನೇ ಬೆವರು ಬರುತ್ತೆ! ನಮ್ಮೂರ ಅಂಗಡಿಗಳಲ್ಲಿ ಈ ವಾದ್ಯಗಳು ಸಾಲಾಗಿ ನಿಂತಿರೋದು ಅಪರೂಪ. ಹೊರಗಿನಿಂದ ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ಮನೆ ಬಾಗಿಲಿಗೆ ಎಷ್ಟಾಗುತ್ತೆ ಅಂತ ಬರೆಸಿಕೊಳ್ಳಿ.

ನನ್ನ ಸೂತ್ರ ಇಷ್ಟೇ. 100 ರೂಪಾಯಿ ಇದ್ದರೆ 70 ವಾದ್ಯಕ್ಕೆ, 30 ತಂತಿ, ರಿಪೇರಿ, ಪ್ರಿಆಂಪ್, ಚೀಲಕ್ಕೆ. ಆಂಪ್ಲಿಫೈಯರ್ ಇಲ್ಲದಿದ್ದರೆ ಅದಕ್ಕೆ ಬೇರೆ ಹುಂಡಿ. ಮತ್ತೆ ಆ ಆಂಪ್ಲಿಫೈಯರ್ ಬೇಸಿಗೆಂದೇ ಮಾಡಿದ್ದಾಗಿರಬೇಕು. ಯಾಕೆ ಗೊತ್ತೇ? ಬೇಸಿನ ದಪ್ಪ ತಂತಿ ಸೆಕೆಂಡಿಗೆ 41 ಸಲ ಅದುರುತ್ತೆ. ಆ ಅಲೆಯ ಉದ್ದ ಸುಮಾರು 27 ಅಡಿ! ಮೊಬೈಲಿನ ಸ್ಪೀಕರಿಗೆ ಅದು ನಿಲುಕೋದೇ ಇಲ್ಲ. ಅಲ್ಲಿ ನಿಮ್ಮ ಕಿವಿಗೆ ಬೀಳೋದು ಮೇಲಿನ ಮರಿಸ್ವರಗಳು ಮಾತ್ರ, ಬುಡವನ್ನ ಮೆದುಳೇ ಊಹೆ ಮಾಡಿ ತುಂಬಿಕೊಳ್ಳುತ್ತೆ. ಅದಕ್ಕೇ ಹೇಳೋದು, ಮೊಬೈಲಿನಲ್ಲಿ ವಿಡಿಯೋ ನೋಡಿ ಬೇಸ್ ಆರಿಸಬೇಡಿ ಸ್ವಾಮಿ!

ಕೈಬದಲಿಯ ಮಾಲು ಸಿಕ್ಕರೆ ಬೇಡ ಅನ್ನಬೇಡಿ. ಆದರೆ ಕುತ್ತಿಗೆ ತಿರುಚಿದೆಯೇ ನೋಡಿ. ತಂತಿಯನ್ನ ಎರಡೂ ತುದಿಯಲ್ಲಿ ಒತ್ತಿ ಹಿಡಿದರೆ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಬೆರಳು ತೂರುವಷ್ಟಿದ್ದರೆ ನಮಸ್ಕಾರ ಹೇಳಿ ಬನ್ನಿ.

ಕೊನೆಗೆ ತೀರ್ಪು

ಖಾರವಾದ ಮಾತೊಂದು ಮೊದಲು. ನಿಮ್ಮ ಕೆಲಸ ಗಣೇಶೋತ್ಸವ, ರಾಜ್ಯೋತ್ಸವಗಳಲ್ಲಿ ಸಿನಿಮಾ ಹಾಡಿಗೆ ಬೇಸ್ ಕೊಡೋದಷ್ಟೇ ಆದರೆ ಬೇಸ್ ಗಿಟಾರೇ ಸಾಕು. ಮೆಟ್ಟಿಲಿಲ್ಲದ ಒಂದು ಬೇಸ್ ಗಿಟಾರ್ ಕೊಂಡರೆ ಆ ಜಾರುವ ದನಿಯೂ ಸಿಗುತ್ತೆ, ಖರ್ಚೂ ಕಡಿಮೆ. ನಿಂತ ಬೇಸ್ ಚೆನ್ನಾಗಿ ಕಾಣುತ್ತೆ, ಫೋಟೋಗೆ ಗತ್ತು ಬರುತ್ತೆ ಅಂತ ಕೊಂಡವರ ವಾದ್ಯ ಆರು ತಿಂಗಳಲ್ಲಿ ಮಂಚದ ಕೆಳಗೆ ಮಲಗುತ್ತೆ. ಅಪ್ಪ ಕೊಟ್ಟ ದುಡ್ಡು, ಓವರ್‌ಟೈಮ್ ಮಾಡಿದ ದುಡ್ಡು ಮಂಚದ ಕೆಳಗೆ ಹಾಕೋಕಲ್ಲ.

ಅದಲ್ಲ, ಡಬಲ್ ಬೇಸನ್ನೇ ಕಲಿಯಬೇಕು, ಕಮಾನು ಹಿಡಿಯಬೇಕು ಅನ್ನೋ ಹಟ ಇದ್ದರೆ ಮನೆಯಲ್ಲಿ ಅಭ್ಯಾಸಕ್ಕೆ ಸ್ಟ್ಯಾಗ್ ಸರಿ. ವಾರಕ್ಕೆ ಮೂರು ಊರು ಸುತ್ತಿ ಸ್ಟೇಜ್ ಹತ್ತುವವನಿಗೆ ನನ್ನ ಓಟು ವೇವ್‌ಗೆ. ಆರು ತಿಂಗಳು ಹೆಚ್ಚು ಕೂಡಿಟ್ಟರೂ ಚಿಂತೆಯಿಲ್ಲ. ಹೊಟ್ಟೆಯಿಲ್ಲದ ವಾದ್ಯಕ್ಕೆ ಒಂದು ದೊಡ್ಡ ಲಾಭವೂ ಉಂಟು. ಪೆಂಡಾಲಿನ ಗದ್ದಲದಲ್ಲಿ ಅಸಲಿ ಡಬಲ್ ಬೇಸಿಗೆ ಮೈಕ್ ಇಟ್ಟರೆ 'ಹೂಂ' ಅಂತ ಊಳಿಡುತ್ತೆ. ಇದು ಅಷ್ಟು ಬೇಗ ಊಳಿಡೋಲ್ಲ.

ಯಾವುದನ್ನೇ ಕೊಳ್ಳಿ, ಮೆಟ್ಟಿಲಿಲ್ಲದ ಕುತ್ತಿಗೆ ಸುಳ್ಳು ಕ್ಷಮಿಸೋಲ್ಲ. ಬೆರಳು ಅಕ್ಕಿಕಾಳಿನಷ್ಟು ಜಾರಿದರೂ ಅಪಸ್ವರ. ಅದಕ್ಕೆ ಮದ್ದು ನಮ್ಮಲ್ಲೇ ಇದೆ. ಶ್ರುತಿಪೆಟ್ಟಿಗೆ ಹಾಕಿಕೊಂಡು ದಿನಕ್ಕೆ ಅರ್ಧ ಗಂಟೆ ಬರೀ ಸ-ಪ-ಸ ಹಿಡಿಯಿರಿ. ಸ್ವರ ಶ್ರುತಿಯಲ್ಲಿ ಕರಗಿ ಕಾಣೆಯಾದರೆ ಗೆದ್ದಿರಿ. ಈ ಸಾಧನೆಗೆ ಸುಂಕವಿಲ್ಲ, ಸಾಗಣೆ ಖರ್ಚೂ ಇಲ್ಲ!

ಮುಂದಿನ ವಾರ: ಸ್ಟೇಜಿನ ಮೇಲೆ ಕೀಬೋರ್ಡ್ ಹುಡುಗನೇ ಎಡಗೈಯಲ್ಲಿ ಬೇಸ್ ಕೊಟ್ಟರೆ ಬೇಸ್ ವಾದಕನಿಗೇನು ಕೆಲಸ? ಜಗಳಕ್ಕೆ ಸಿದ್ಧರಾಗಿ ಬನ್ನಿ.